ತೂಬು ಮುಚ್ಚಿದ್ಯೇನ್ಲಾ ಮಗಾ?

ಊಟ ಮಾಡುತ್ತಾ ಮೊಬೈಲ್ ನೋಡುವ ಅಭ್ಯಾಸ ನಿಮಗಿದ್ದರೆ, ದಯವಿಟ್ಟು ಇದನ್ನು ಕೈ ತೊಳೆದ ಮೇಲೆ ಓದಿ. ಇದು ಕಕ್ಕಸಿನ ಟ್ಯಾಂಕಿನ ಕಥೆ. ಅದರ ಜೊತೆಗೆ ನಮ್ಮಪ್ಪನ ಕಥೆಯೂ ಹೌದು.

ಅಮೆರಿಕದ ಅರಿಜೋನಾ ರಾಜ್ಯದ ಫ್ಲ್ಯಾಗ್‌ಸ್ಟಾಫ್ ಎಂಬ ಊರು. ಅಕ್ಟೋಬರ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಆರೂವರೆ. ಸುಮಾರು 2,100 ಮೀಟರ್ ಎತ್ತರದಲ್ಲಿರುವ ಊರಾದ್ದರಿಂದ ಚಳಿ ಮೂಳೆಗೆ ಇಳಿಯುತ್ತಿತ್ತು. ನಮ್ಮ ಆರ್‌ವಿಯ ಕೊಳೆನೀರಿನ ವಾಲ್ವ್ ಮುಚ್ಚಿ, ನೆಲದ ಗುಂಡಿಗೆ ಹೋಗುವ ಪೈಪನ್ನು ತಿರುಗಿಸಿ ಕಳಚಿದೆ. ಮುಚ್ಚಿದ ವಾಲ್ವಿನಿಂದ ಏನೂ ಬರಬಾರದು. ಬಂತು. ನನ್ನ ಹೊಸ ಶೂ, ಸಾಕ್ಸು, ಪ್ಯಾಂಟಿನ ಅಂಚು ಎಲ್ಲಕ್ಕೂ ಆಯಿತು. ಗಾಬರಿಯಿಂದ ಪೈಪ್ ಮತ್ತೆ ಸಿಕ್ಕಿಸಲು ಹೋಗಿ ಕೈಗೂ ಆಯಿತು.

ಕಿಟಕಿಯಿಂದ ಅಮ್ಮ ಇಣುಕಿದಳು. "ಏನಾಯ್ತೋ? ಅದೇನೋ ವಾಸನೆ?"

"ಏನಿಲ್ಲ ಅಮ್ಮ, ಒಳಗಿರು" ಅಂದೆ. ಅವಳ ಹಿಂದೆ ಅಪ್ಪನ ಮುಖ ಕಾಣಿಸಿತು. ಅಪ್ಪ ಏನೂ ಕೇಳಲಿಲ್ಲ. ಕೇಳುವ ಅಗತ್ಯ ಅವನಿಗಿರಲಿಲ್ಲ, ಯಾಕೆಂದರೆ ನಾಲ್ಕು ದಿನದ ಹಿಂದೆಯೇ ಕೇಳಿದ್ದ.

ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ನಮ್ಮದು 24 ಅಡಿ ಉದ್ದದ್ದು, ಹನ್ನೆರಡು ವರ್ಷ ಹಳೆಯದು. ನಿವೃತ್ತ ದಂಪತಿಯೊಬ್ಬರಿಂದ ಕೊಂಡಿದ್ದೆ. ಒಳಗೆ ಹಾಸಿಗೆ, ಒಲೆ, ಸಿಂಕ್, ಪುಟ್ಟ ಬಚ್ಚಲು, ಕಕ್ಕಸು ಎಲ್ಲವೂ ಇದೆ. ಅಪ್ಪ ಅಮ್ಮ ತುಮಕೂರು ಜಿಲ್ಲೆಯ ನಮ್ಮೂರಿನಿಂದ ಮೊದಲ ಸಲ ಬಂದಿದ್ದರು. ಅಮ್ಮನಿಗೆ ಹೊರಗಿನ ಊಟ ಆಗದು, ಹೊರಗಿನ ಕಕ್ಕಸು ಇನ್ನೂ ಆಗದು. ಮನೆಯನ್ನೇ ಜೊತೆಗೆ ಕೊಂಡೊಯ್ದರೆ ಈ ಎರಡೂ ತಲೆನೋವು ಇಲ್ಲ ಅಂತ ನಾನು ಹೆಮ್ಮೆಯಿಂದ ಲೆಕ್ಕ ಹಾಕಿದ್ದೆ. ವಾರದ ದಿನಗಳಲ್ಲಿ ಫ್ಲ್ಯಾಗ್‌ಸ್ಟಾಫ್‌ನ ಆರ್‌ವಿ ಪಾರ್ಕಿನಲ್ಲಿ ನಿಂತು ಲ್ಯಾಪ್‌ಟಾಪಿನಲ್ಲಿ ಆಫೀಸ್ ಕೆಲಸ ಮಾಡುವುದು, ಶುಕ್ರವಾರ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುವುದು ಎಂದು ಯೋಜನೆ.

ಈ ಗಾಡಿಯ ಹೊಟ್ಟೆಯ ಕೆಳಗೆ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆ ನೀರಿನದು. ಇನ್ನೊಂದು ಸಿಂಕ್ ಮತ್ತು ಸ್ನಾನದ ನೀರು ಸೇರುವುದು, ಇದಕ್ಕೆ ಗ್ರೇ ಟ್ಯಾಂಕ್ ಅನ್ನುತ್ತಾರೆ. ಮೂರನೆಯದು ಕಕ್ಕಸಿನದು, ಬ್ಲ್ಯಾಕ್ ಟ್ಯಾಂಕ್. ನಮ್ಮ ಗಾಡಿಯಲ್ಲಿ ಅದಕ್ಕೆ ಸುಮಾರು 110 ಲೀಟರ್ ಹಿಡಿಯುತ್ತದೆ. ಕೊಳೆನೀರಿನ ಎರಡು ಟ್ಯಾಂಕಿಗೂ ಒಂದೊಂದು ವಾಲ್ವ್. ಕಕ್ಕಸಿನದಕ್ಕೆ ಸಾಮಾನ್ಯವಾಗಿ 3 ಇಂಚಿನದು, ಗ್ರೇಗೆ ಒಂದೂವರೆ ಇಂಚಿನದು. ಎರಡೂ ಮುಂದೆ ಒಂದೇ ಪೈಪಿಗೆ ಸೇರಿ, ಆ ಪೈಪಿನ ತುದಿಗೆ ಒಂದು ಮುಚ್ಚಳ.

ವಾಲ್ವಿನ ಒಳಗೆ ದೊಡ್ಡ ವಿಜ್ಞಾನವೇನಿಲ್ಲ. ಎರಡು ಪೈಪಿನ ನಡುವೆ ಒಂದು ತೆಳ್ಳನೆಯ ತಟ್ಟೆ. ಟಿ ಆಕಾರದ ಹಿಡಿಯನ್ನು ಎಳೆದರೆ ತಟ್ಟೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ, ತಳ್ಳಿದರೆ ಮುಚ್ಚುತ್ತದೆ. ತಟ್ಟೆಯ ಎರಡೂ ಕಡೆ ರಬ್ಬರ್ ಸೀಲ್, ಹೊರಗೆ ನಾಲ್ಕು ಬೋಲ್ಟ್. ಕೆರೆಯ ತೂಬು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ನಮ್ಮಪ್ಪನಿಗೂ ನಾನು ವಿವರಿಸಬೇಕಾಗಿರಲಿಲ್ಲ. ನಮ್ಮ ತಾತ ಕೆರೆಯ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ಕೆರೆ ಬತ್ತಿ, ಊರಿಗೆ ಬೋರ್‌ವೆಲ್ಲೂ ಓವರ್‌ಹೆಡ್ ಟ್ಯಾಂಕೂ ಬಂದ ಮೇಲೆ ಅಪ್ಪ ಪಂಚಾಯ್ತಿಯ ನೀರುಗಂಟಿಯಾದ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಆಳೆತ್ತರದ ಟಿ ಆಕಾರದ ಕಬ್ಬಿಣದ ಚಾವಿ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಯಾವ ಬೀದಿಗೆ ಎಷ್ಟು ಹೊತ್ತು ನೀರು, ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು, ಯಾವುದು ಕಚ್ಚಿಕೊಳ್ಳುತ್ತದೆ, ಯಾವುದು ಸೋರುತ್ತದೆ ಎಲ್ಲಾ ಅವನ ತಲೆಯಲ್ಲೇ ಇತ್ತು. ನೀರು ಬರದಿದ್ದರೆ ಬೈಗುಳವೂ ಅವನಿಗೇ.

ಆಯುಧಪೂಜೆಯ ದಿನ ಅಮ್ಮ ಆ ಚಾವಿಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಾಗಿಲ ಪಕ್ಕ ನಿಲ್ಲಿಸುತ್ತಿದ್ದಳು. ನನಗೆ ಆಗ ಹದಿಮೂರು ಹದಿನಾಲ್ಕು ವರ್ಷ. ಹೈಸ್ಕೂಲಿನ ಸ್ನೇಹಿತರು ಕಡ್ಲೆಪುರಿ ತಿನ್ನೋಕೆ ಬರುತ್ತಾರೆಂದು ಗೊತ್ತಾದಾಗ ನಾನು ಅದನ್ನು ಎತ್ತಿ ಬಾಗಿಲ ಹಿಂದೆ ಇಟ್ಟೆ. ಅವರಪ್ಪಂದಿರ ಬೈಕು, ಟ್ರ್ಯಾಕ್ಟರುಗಳಿಗೆ ಪೂಜೆ ಆಗಿತ್ತು, ನಮ್ಮದು ಕಬ್ಬಿಣದ ಕೋಲು. ಅಪ್ಪ ನೋಡಿದ. ಏನೂ ಅನ್ನಲಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಾರಾದರೂ ಕೇಳಿದರೆ "ನೀರು ಸರಬರಾಜು ಇಲಾಖೆಯಲ್ಲಿದ್ದಾರೆ" ಅನ್ನುತ್ತಿದ್ದೆ. ಮದುವೆ ಮಾತುಕತೆಯಲ್ಲೂ ಅದನ್ನೇ ಅಂದೆ. ಪೂರ್ತಿ ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಇಂಥ ಅಪ್ಪ ಆರ್‌ವಿ ಪಾರ್ಕಿಗೆ ಬಂದ ಮೊದಲ ಸಂಜೆ, ನಾನು ಪೈಪ್ ಜೋಡಿಸುವುದನ್ನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. ನಾನು ಎರಡೂ ವಾಲ್ವ್ ಎಳೆದು ತೆಗೆದೇ ಬಿಟ್ಟೆ. ಹೇಗೂ ಪೈಪು ನೆಲದ ಗುಂಡಿಗೆ ಸೇರಿದೆ, ಬಂದದ್ದೆಲ್ಲ ಆಗಿಂದಾಗ್ಗೆ ಹೋಗಲಿ ಅಂತ. ಗಾಡಿ ಮಾರಿದ ಅಜ್ಜ "ಬ್ಲ್ಯಾಕ್ ಯಾವಾಗಲೂ ಮುಚ್ಚಿರಲಿ" ಅಂದದ್ದು ನೆನಪಿತ್ತು. ಹಳೇ ಕಾಲದವರ ಮಾತು ಅಂದುಕೊಂಡಿದ್ದೆ.

"ಯಾಕ್ಲಾ, ತೂಬು ತೆಗ್ದೇ ಬಿಟ್ಟಿದೀಯಾ? ತುಂಬದೆ ಬಿಟ್ರೆ ಹೂಳು ನಿಂತ್ಕತದಲ್ವಾ?" ಅಂದ ಅಪ್ಪ.

"ಅಪ್ಪಾ, ಇದು ನಿಮ್ಮ ಪಂಚಾಯ್ತಿ ನಲ್ಲಿ ಅಲ್ಲ. ಬಿಡು."

ಬಾಯಿಂದ ಬಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅಪ್ಪ "ಸರಿ" ಅಂದು ಒಳಗೆ ಹೋದ. ಆಮೇಲೆ ನಾಲ್ಕು ದಿನ ಆ ಕಡೆ ಬರಲೇ ಇಲ್ಲ.

ಅಷ್ಟು ದಿನದಲ್ಲಿ ಟ್ಯಾಂಕಿನಲ್ಲಿ ನಡೆದದ್ದು ಇಷ್ಟು. ವಾಲ್ವ್ ತೆಗೆದಿದ್ದರಿಂದ ನೀರೆಲ್ಲ ಹರಿದು ಹೋಯಿತು. ಆದರೆ ಗಟ್ಟಿ ಪದಾರ್ಥ ಮತ್ತು ಟಾಯ್ಲೆಟ್ ಪೇಪರ್ ಬಿದ್ದ ಜಾಗದಲ್ಲೇ ಕೂತವು. ಅದರ ಮೇಲೆ ಮತ್ತಷ್ಟು. ಕೊನೆಗೆ ಕಮೋಡಿನ ಕೆಳಗೆ ಹುತ್ತದ ಹಾಗೆ ಗುಡ್ಡೆ ಬೆಳೆಯಿತು. ಆರ್‌ವಿ ಇಟ್ಟುಕೊಂಡವರಿಗೆ ಇದು ಎಷ್ಟು ಪರಿಚಿತವೆಂದರೆ, ಇಂಗ್ಲಿಷಿನಲ್ಲಿ ಅದಕ್ಕೆ 'ಪಿರಮಿಡ್' ಎಂಬ ಹೆಸರೇ ಬಿದ್ದಿದೆ. ಗುರುವಾರ ರಾತ್ರಿ ಅಮ್ಮ "ನೀರು ಸರಿಯಾಗಿ ಇಳೀತಿಲ್ಲ ಕಣೋ" ಅಂದಾಗ ನಾನು ಎರಡು ಬಕೆಟ್ ನೀರು ಸುರಿದು, ಕೆಲಸ ಮುಗೀತು ಅಂದುಕೊಂಡೆ. ಬೆಳಿಗ್ಗೆ ವಾಲ್ವ್ ತಳ್ಳಿದಾಗ ತಟ್ಟೆ ಕೂರುವ ಗಾಡಿಯಲ್ಲಿ, ಅಂದರೆ ಆ ಸಣ್ಣ ಸೀಳಿನಲ್ಲಿ, ಪೇಪರ್ ತುಂಬಿಕೊಂಡಿತ್ತು. ಹಿಡಿ ಪೂರ್ತಿ ಒಳಗೆ ಹೋಗಲಿಲ್ಲ, ಬೆರಳಗಲ ಹೊರಗೇ ಉಳಿಯಿತು. ಚಳಿಗೆ ಬಿಗಿಯಾಗಿದೆ ಅಂತ ನಾನೇ ಸಮಾಧಾನ ಹೇಳಿಕೊಂಡು ಪೈಪ್ ಕಳಚಿದೆ.

ಶೂ ಬಿಸಾಕಿ, ಬಿಸಿನೀರಲ್ಲಿ ಎರಡು ಸಲ ಸ್ನಾನ ಮಾಡಿ, ರಿಪೇರಿಯವನಿಗೆ ಫೋನ್ ಮಾಡಿದೆ. ಮಂಗಳವಾರಕ್ಕಿಂತ ಮುಂಚೆ ಬರಲು ಆಗದು ಅಂದ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಶುಕ್ರವಾರ, ಶನಿವಾರ ಎರಡು ರಾತ್ರಿಗೆ ಜಾಗ ಬುಕ್ ಆಗಿತ್ತು. ಮುಂದಿನ ವಾರ ಅಪ್ಪ ಅಮ್ಮನಿಗೆ ವಾಪಸ್ ವಿಮಾನ. ಹೆಂಡತಿ ಮುಖ ನೋಡಿದಳು. ನಾಲ್ಕು ವರ್ಷದ ಮಗಳು ಮೂಗು ಮುಚ್ಚಿಕೊಂಡು ಕುಣಿಯುತ್ತಿದ್ದಳು.

ಅಪ್ಪ ಕಾಫಿ ಲೋಟ ಕೆಳಗಿಟ್ಟ. "ನಾನು ಒಸಿ ನೋಡ್ಲಾ?"

"ಬೇಡಪ್ಪ. ಇದು ನೀರಿನ ವಾಲ್ವ್ ಅಲ್ಲ. ನೀನು ಇದನ್ನೆಲ್ಲ ಮುಟ್ಟಬಾರದು."

"ಮತ್ತೆ ಯಾರು ಮುಟ್ಟಬೇಕು? ಮಂಗಳವಾರ ಬರೋನು ಮುಟ್ಟಬೋದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ತಾನೇ ಹೇಳಿದ. ಬಹಳ ವರ್ಷದ ಹಿಂದೆ ತಾಲ್ಲೂಕು ಕೇಂದ್ರದಲ್ಲಿ ಯಾವುದೋ ಕೆಲಸಕ್ಕೆ ಹೋಗಿದ್ದಾಗ, ಕಟ್ಟಿಕೊಂಡ ಮಲದ ಗುಂಡಿಗೆ ಒಬ್ಬನನ್ನು ಇಳಿಸಿದ್ದರಂತೆ. ಚಡ್ಡಿ ಬಿಟ್ಟರೆ ಮೈಮೇಲೆ ಏನೂ ಇರಲಿಲ್ಲ. "ನಾನು ದೂರ ನಿಂತಿದ್ದೆ. ಅವನು ಮೇಲಕ್ಕೆ ಬಂದು ನೀರು ಕೇಳ್ದ. ನಾನು ನೀರುಗಂಟಿ. ಎತ್ತಿ ಹುಯ್ದೆ, ಕೈಗೆ ಕೊಡಲಿಲ್ಲ." ಅಷ್ಟೇ ಹೇಳಿ ಅಪ್ಪ ಸುಮ್ಮನಾದ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೂ ಮಲಗುಂಡಿಗೂ ಜನರನ್ನು ಇಳಿಸಬಾರದೆಂದು 2013ರಲ್ಲಿ ಕಾಯ್ದೆಯೇ ಆಗಿದೆ. ಆಮೇಲೂ ಗುಂಡಿಗಿಳಿದು ಸತ್ತವರ ಸುದ್ದಿ ನಾವು ಓದುತ್ತಲೇ ಇದ್ದೇವೆ. ಇಲ್ಲಿ ನನ್ನೆದುರಿಗಿದ್ದದ್ದು ನಮ್ಮದೇ ಮನೆಯ ಐದು ಜನರದ್ದು, ಕೈಯಲ್ಲಿ ಒಂದು ಡಬ್ಬ ಗ್ಲೌಸ್ ಇತ್ತು.

"ಸರಿ, ಏನು ಮಾಡಬೇಕು ಹೇಳು" ಅಂದೆ.

ಅಪ್ಪ ಗಾಡಿಯ ಕೆಳಗೆ ಬಗ್ಗಿ ಪೈಪಿನ ದಾರಿಯನ್ನು ಕಣ್ಣಲ್ಲೇ ಅಳೆದ. "ಮೊದ್ಲು ವಾಲ್ವಿಗೆ ಕೈ ಹಾಕಬೇಡ. ಹೂಳು ತೆಗಿ. ತೊಟ್ಟಿಕ್ಕೋ ನೀರು ಮಣ್ಣ ಬಿಟ್ಟು ತಾನು ಹೋಗ್ತದೆ. ತುಂಬಿಸಿ ಒಂದೇ ಸಲಕ್ಕೆ ಬಿಟ್ರೆ ಎಲ್ಲಾ ಎಳ್ಕಂಡು ಹೋಗ್ತದೆ."

ವಾಲ್ವನ್ನು ನಾಲ್ಕೈದು ಸಲ ಎಳೆದು ತಳ್ಳಿದ್ದಕ್ಕೆ ಸೀಳಿನ ಪೇಪರ್ ಸ್ವಲ್ಪ ಸಡಿಲವಾಗಿ ಹಿಡಿ ಇನ್ನಷ್ಟು ಒಳಗೆ ಹೋಯಿತು. ಇಂಥ ಕಡೆ ಜೋರು ಮಾಡಬಾರದು, ಹಿಡಿಯೇ ಸರಳಿನಿಂದ ಕಿತ್ತು ಬರುತ್ತದೆ. ಪೈಪಿನ ತುದಿಗೆ ಮುಚ್ಚಳ ಬಿಗಿದೆವು. ವಾಲ್ವ್ ಸೋರಿದರೂ ನೀರು ಮುಚ್ಚಳದ ಹಿಂದೆ ನಿಲ್ಲುತ್ತದೆ. ಕಮೋಡಿನಿಂದ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ ಟ್ಯಾಂಕನ್ನು ಮುಕ್ಕಾಲು ತುಂಬಿಸಿದೆವು. ಮಧ್ಯಾಹ್ನ ಅದೇ ಗಾಡಿಯಲ್ಲಿ ಹೊಸ ವಾಲ್ವ್ ಕೊಳ್ಳಲು ಪೇಟೆಗೆ ಹೋದೆವು. ರಸ್ತೆಯ ಕುಲುಕಾಟಕ್ಕೆ ಟ್ಯಾಂಕಿನೊಳಗೆ ನೀರು ಮಜ್ಜಿಗೆ ಕಡೆದ ಹಾಗೆ ಆಡಿತು. ವಾಪಸ್ ಬಂದು ಪೈಪ್ ಜೋಡಿಸಿ ವಾಲ್ವನ್ನು ಪೂರ್ತಿ ಎಳೆದಾಗ ಬಂದ ಸದ್ದಿಗೇ ಅಪ್ಪ "ಹಾಂ, ಕಿತ್ಕಂತು" ಅಂದ. ರಾತ್ರಿ ಮತ್ತೆ ತುಂಬಿಸಿ ನೆನೆಯಲು ಬಿಟ್ಟು, ಬೆಳಿಗ್ಗೆ ಮತ್ತೆ ಬಿಟ್ಟೆವು. ಪೈಪಿನ ಆರಂಭದಲ್ಲಿ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಮೊಣಕೈ ಒಂದನ್ನೂ ಕೊಂಡಿದ್ದೆವು. ಅದರಲ್ಲಿ ನೀರು ತಿಳಿಯಾಗಿ ಕಾಣುವವರೆಗೆ ತೊಳೆದೆವು. ಮೂರು ಸಲ ಬೇಕಾಯಿತು.

ಹೂಳು ಹೋದರೂ ವಾಲ್ವ್ ಮುಚ್ಚಿದ ಮೇಲೆ ಹನಿ ನಿಲ್ಲಲಿಲ್ಲ. ರಬ್ಬರ್ ಹಾಳಾಗಿದೆ ಅಂತ ಅರ್ಥ.

ಶನಿವಾರ ಬೆಳಿಗ್ಗೆ ವಾಲ್ವ್ ಬದಲಾಯಿಸಲು ಕೂತೆವು. ಗಾಡಿ ಸಮತಟ್ಟು ನೆಲದಲ್ಲಿ ನಿಂತಿತ್ತು, ಚಕ್ರಕ್ಕೆ ಅಡೆ ಕೊಟ್ಟಿದ್ದೆವು. ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಯಾರೂ ಮಲಗಬೇಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಅಗಲವಾದ ಟ್ರೇ, ಇಬ್ಬರಿಗೂ ಗ್ಲೌಸ್, ಕಣ್ಣಿಗೆ ಕನ್ನಡಕ. ಅಪ್ಪ ಅಂಗಾತ ಮಲಗಿ ಒಳಗೆ ಸರಿದ. ಅರವತ್ತಾರು ವರ್ಷದ ಮನುಷ್ಯ. ನಾನು ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿದೆ. ಅಪ್ಪನ ಪಕ್ಕ ಹಾಗೆ ಮಲಗಿ ಎಷ್ಟು ವರ್ಷವಾಗಿತ್ತೋ.

"ಟ್ಯಾಂಕು ಖಾಲಿ ಐತೆ ತಾನೇ? ಇನ್ನೊಂದ್ಸಲ ನೋಡು" ಅಂದ. ಒಳಗಿನ ಪ್ಯಾನೆಲ್ಲಿನ ದೀಪ 'ಅರ್ಧ' ಅಂತ ತೋರಿಸುತ್ತಿತ್ತು. ಟ್ಯಾಂಕಿನ ಗೋಡೆಗೆ ಪೇಪರ್ ಅಂಟಿಕೊಂಡರೆ ಆ ಸೆನ್ಸರ್‌ಗಳು ಹೀಗೆ ಸುಳ್ಳು ಹೇಳುತ್ತವೆ. ದಿನವಿಡೀ ಸ್ಕ್ರೀನ್ ನಂಬಿ ಬದುಕುವ ನಾನು ಟಾರ್ಚ್ ಹಿಡಿದು ಕಮೋಡಿನೊಳಗೆ ಕಣ್ಣಿಂದಲೇ ನೋಡಿ ಬಂದು "ಖಾಲಿ" ಅಂದೆ.

ನಾಲ್ಕು ಬೋಲ್ಟ್ ಬಿಚ್ಚಿ, ಪೈಪಿನ ಎರಡು ತುದಿಯನ್ನು ಮೆಲ್ಲಗೆ ಅಗಲಿಸಿ, ಅಪ್ಪ ಹಳೇ ವಾಲ್ವನ್ನು ಪಕ್ಕಕ್ಕೆ ಜಾರಿಸಿ ತೆಗೆದ. ಒಂದು ಲೋಟದಷ್ಟು ನೀರು ಟ್ರೇಗೆ ಬಿತ್ತು. ಒಂದು ಕಡೆಯ ಸೀಲಿನ ಅಂಚು ಮಡಚಿಕೊಂಡು ಹರಿದಿತ್ತು. ಇನ್ನೊಂದು ಕಡೆಯದು ಒಣಗಿ ಗಟ್ಟಿಯಾಗಿ, ಹಳೇ ಚಪ್ಪಲಿಯ ಅಟ್ಟೆಯ ಹಾಗಿತ್ತು. ತಟ್ಟೆ ಚೆನ್ನಾಗಿಯೇ ಇತ್ತು. ಅಪ್ಪ ಪೈಪಿನ ಎರಡೂ ಬಾಯನ್ನು ಬಟ್ಟೆಯಿಂದ ಒರೆಸಿ, ಗ್ಲೌಸಿನ ಬೆರಳನ್ನು ಸುತ್ತಲೂ ಆಡಿಸಿ, ಒಂದು ಸಣ್ಣ ಹರಳು ಕಲ್ಲನ್ನೂ ಬಿಡದೆ ತೆಗೆದ. "ಇಷ್ಟೇ ಇಷ್ಟು ಮರಳು ಕೂತಿದ್ರೆ ಸಾಕು, ನಾಳೆ ಮತ್ತೆ ಸೋರ್ತದೆ."

ಹೊಸ ಸೀಲಿಗೆ ಹಚ್ಚಲು ಗ್ರೀಸ್ ಕೇಳಿದ. ಇಲ್ಲಿ ಮಾತ್ರ ನನ್ನ ಓದು ಉಪಯೋಗಕ್ಕೆ ಬಂತು. ಪೆಟ್ರೋಲಿಯಂ ಗ್ರೀಸ್, ವ್ಯಾಸಲೀನ್ ಇಂಥವು ಈ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತವೆ. ಸಿಲಿಕೋನ್ ಗ್ರೀಸೇ ಆಗಬೇಕು. "ಹೌದಾ? ನಾವು ಎಲ್ಲದಕ್ಕೂ ಗಾಡಿ ಗ್ರೀಸೇ ಮೆತ್ತಿದ್ವಿ" ಅಂದ. ಸ್ವಲ್ಪ ಯೋಚಿಸಿ, "ಅದಕ್ಕೇನೋ ವಾಷರು ಬೇಗ ಹೋಗೋವು" ಅಂತ ಸೇರಿಸಿದ. ಟ್ಯೂಬಿನಿಂದ ತೆಗೆದು ತೆಳುವಾಗಿ ಸವರಿದ.

ಸೀಲುಗಳನ್ನು ಎರಡೂ ಪೈಪಿನ ಬಾಯಿಗೆ ಕೂರಿಸಿ, ವಾಲ್ವನ್ನು ನಡುವೆ ಜಾರಿಸುವಾಗಲೇ ಅಸಲಿ ಕಷ್ಟ. ಕಾಣದಂತೆ ಸೀಲಿನ ಅಂಚು ಮಡಚಿಕೊಳ್ಳುವುದು ಇಲ್ಲೇ. ಅಪ್ಪ ಎರಡು ಸಲ ಹೊರಗೆ ತೆಗೆದು ಮತ್ತೆ ಹಾಕಿದ. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಲಿಲ್ಲ. ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ, ನಾಲ್ಕೂ ಸಮನಾಗಿ ಬಿಗಿದ. ಪ್ಲಾಸ್ಟಿಕ್ ವಾಲ್ವ್, ಜೋರು ಮಾಡಿದರೆ ಸೀಳುತ್ತದೆ, ತಟ್ಟೆಯೂ ಕಚ್ಚಿಕೊಳ್ಳುತ್ತದೆ. ಪ್ರತಿ ಸುತ್ತಿಗೂ ಹಿಡಿ ಎಳೆದು ತಳ್ಳಿ ನೋಡಿದ. ಕೊನೆಗೆ ಎರಡು ಬೆರಳಲ್ಲಿ ಎಳೆದರೂ ಬೆಣ್ಣೆಯ ಹಾಗೆ ಸರಿಯಿತು.

ಪರೀಕ್ಷೆಗೆ ಟ್ಯಾಂಕಿಗೆ ಬರೀ ನೀರು ತುಂಬಿಸಿ, ಮುಚ್ಚಳ ತೆಗೆದು, ಕೆಳಗೆ ಒಣಗಿದ ಪೇಪರ್ ಟವೆಲ್ ಹಾಸಿ ಒಂದು ಗಂಟೆ ಕಾದೆವು. ಅಪ್ಪ ಮರದ ಬೆಂಚಿನ ಮೇಲೆ ಕೂತು ಆ ಪೇಪರನ್ನೇ ನೋಡುತ್ತಿದ್ದ. ಒಂದು ಹನಿಯೂ ಬೀಳಲಿಲ್ಲ. ವಾಲ್ವ್ ಸೀಲು ಎಲ್ಲ ಸೇರಿ ಖರ್ಚಾದದ್ದು ನಾವು ಐದು ಜನ ಹೋಟೆಲಿನಲ್ಲಿ ಒಂದು ಹೊತ್ತು ಉಣ್ಣುವುದಕ್ಕಿಂತ ಕಡಿಮೆ.

ಕೈ ತೊಳೆದು ಬಂದ ಅಪ್ಪನಿಗೆ ಹೆಂಡತಿ ಬಿಸಿ ಉಪ್ಪಿಟ್ಟು ಕೊಟ್ಟಳು. "ಮಾವ, ಇದೆಲ್ಲ ಎಲ್ಲಿ ಕಲಿತ್ರಿ?" ಅಂದಳು. ಅಪ್ಪ ನನ್ನ ಕಡೆ ನೋಡಿದ. ಅವಳ ಮನೆಯವರಿಗೆ ನಾನು ಏನು ಹೇಳಿದ್ದೆ ಅಂತ ಅವನಿಗೆ ಗೊತ್ತಿತ್ತು. "ಇಲಾಖೆಲೇ ಕಣವ್ವ" ಅಂದ. ನನ್ನ ಸುಳ್ಳನ್ನು ಅಪ್ಪ ಕಾಯುತ್ತಿದ್ದ. ಆ ಉಪ್ಪಿಟ್ಟು ನನ್ನ ಗಂಟಲಲ್ಲಿ ಇಳಿಯಲಿಲ್ಲ. "ಇಲಾಖೆ ಅಲ್ಲ, ಪಂಚಾಯ್ತಿ. ಅಪ್ಪ ನಮ್ಮೂರ ನೀರುಗಂಟಿ" ಅಂದೆ. ಹೆಂಡತಿ "ಅಷ್ಟೂ ಗೊತ್ತಿಲ್ವಾ? ಮದುವೆಗೆ ಮುಂಚೆನೇ ನಮ್ಮಪ್ಪ ವಿಚಾರಿಸಿದ್ರು" ಅಂದು ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಇಷ್ಟು ವರ್ಷ ಕಾಪಾಡಿದ ಗುಟ್ಟು ಗುಟ್ಟೇ ಆಗಿರಲಿಲ್ಲ.

ಅವತ್ತು ಹೊರಡುವ ಮುಂಚೆ, ಅಪ್ಪ ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಒಂದು ಹಾಳೆಯಲ್ಲಿ ಬರೆದು ಕಕ್ಕಸಿನ ಬಾಗಿಲಿಗೆ ಅಂಟಿಸಿದೆ. ಈಗಲೂ ಇದೆ. ನಿಮ್ಮ ಮಕ್ಕಳೋ ನೆಂಟರೋ ಹೊರದೇಶದಲ್ಲಿ ಇಂಥ ಗಾಡಿ ಬಾಡಿಗೆಗೆ ತೆಗೆದುಕೊಂಡರೆ ಅವರಿಗೂ ಹೇಳಿ.

ಬ್ಲ್ಯಾಕ್ ವಾಲ್ವ್ ಯಾವಾಗಲೂ ಮುಚ್ಚಿರಬೇಕು, ಪೈಪ್ ಜೋಡಿಸಿದ್ದರೂ ಅಷ್ಟೇ. ಖಾಲಿ ಮಾಡಿದ ಮೇಲೆ ಒಂದು ಬಕೆಟ್ ನೀರು ತಳದಲ್ಲಿ ಇರುವಂತೆ ಹಾಕಿಯೇ ಮತ್ತೆ ಬಳಸಲು ಶುರು ಮಾಡಬೇಕು. ಪ್ರತಿ ಸಲವೂ ಧಾರಾಳವಾಗಿ ನೀರು ಬಿಡಬೇಕು, ಈ ಟ್ಯಾಂಕಿಗೆ ನೀರಿನ ಜಿಪುಣತನವೇ ಶತ್ರು. ಬೇಗ ಕರಗುವ ಪೇಪರ್ ಮಾತ್ರ ಹಾಕಬೇಕು. ಮಗುವಿನ ವೆಟ್ ವೈಪ್ಸ್ ಒಂದೂ ಬೀಳಬಾರದು, ಡಬ್ಬದ ಮೇಲೆ ಏನೇ ಬರೆದಿರಲಿ. ಟ್ಯಾಂಕ್ ಮೂರರಲ್ಲಿ ಎರಡು ಪಾಲಾದರೂ ತುಂಬಿದ ಮೇಲೆ ಖಾಲಿ ಮಾಡಬೇಕು. ಅಷ್ಟು ತುಂಬಿರದಿದ್ದರೆ ನೀರು ಹಾಕಿ ತುಂಬಿಸಬೇಕು. ಹಿಡಿಯನ್ನು ಅರ್ಧ ಎಳೆಯಬಾರದು, ಒಂದೇ ಸಲ ಪೂರ್ತಿ ಎಳೆಯಬೇಕು. ಮೊದಲು ಬ್ಲ್ಯಾಕ್ ಬಿಟ್ಟು ಮುಚ್ಚಿ, ಆಮೇಲೆ ಗ್ರೇ ಬಿಟ್ಟರೆ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಗ್ರೇ ವಾಲ್ವಿಗೆ ನಮ್ಮ ಅಡುಗೆಯೇ ವೈರಿ. ಒಗ್ಗರಣೆ ಎಣ್ಣೆ, ತುಪ್ಪ, ಸಾರಿನ ಗಸಿ, ಅನ್ನದ ಅಗುಳು, ಕರಿಬೇವು, ತೆಂಗಿನ ತುರಿ ಇವೆಲ್ಲ ಸಿಂಕಿನಲ್ಲಿ ಹೋಗಿ, ಚಳಿಗೆ ಎಣ್ಣೆ ಗಟ್ಟಿಯಾಗಿ ವಾಲ್ವಿನ ಸೀಳಿನಲ್ಲಿ ಮೆತ್ತಿಕೊಳ್ಳುತ್ತವೆ. ಆಮೇಲೆ ಹಿಡಿ ಎಳೆದರೆ ಅಲುಗಾಡುವುದಿಲ್ಲ. ಅಮ್ಮ ಈಗ ಬಾಣಲೆಯನ್ನು ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿಯೇ ತೊಳೆಯುತ್ತಾಳೆ. ಸಿಂಕಿನ ಬಾಯಿಗೆ ಕಾಫಿ ಸೋಸುವಂಥ ಸಣ್ಣ ಜಾಲರಿ ಹಾಕಿದ್ದೇವೆ.

ವರ್ಷಕ್ಕೆರಡು ಸಲ ಹಿಡಿಯನ್ನು ಪೂರ್ತಿ ಎಳೆದು ಸರಳಿಗೆ ಸಿಲಿಕೋನ್ ಸ್ಪ್ರೇ ಹೊಡೆದು ನಾಲ್ಕೈದು ಸಲ ಆಡಿಸಬೇಕು. ಗಾಡಿ ಓಡಿಸದೆ ನಿಲ್ಲಿಸಿದಾಗಲೂ ತಿಂಗಳಿಗೊಮ್ಮೆ ಆಡಿಸಬೇಕು. ಆಡಿಸದ ವಾಲ್ವ್ ಕಚ್ಚಿಕೊಳ್ಳುತ್ತದೆ ಅನ್ನುವುದು ಅಪ್ಪನ ಖಚಿತ ಮಾತು. ಹಿಮ ಬೀಳುವ ಊರಲ್ಲಿ ವಾಲ್ವ್ ಹೆಪ್ಪುಗಟ್ಟಿದ್ದರೆ ಎಳೆಯಲೇಬಾರದು, ಬೆಚ್ಚಗಾಗುವವರೆಗೆ ಕಾಯಬೇಕು. ಪೈಪಿನ ತುದಿಗೆ ತಿರುಗಿಸಿ ಹಾಕುವ ಎರಡನೇ ವಾಲ್ವ್ ಸಿಗುತ್ತದೆ. ಅದೊಂದು ಇದ್ದರೆ ಒಳಗಿನದು ಕೈಕೊಟ್ಟರೂ ನಿಮ್ಮ ಶೂ ಉಳಿಯುತ್ತದೆ. ಮತ್ತೊಂದು ಮಾತು: ಕೊಳೆ ಪೈಪ್ ತೊಳೆಯುವ ಹೋಸ್ ಬೇರೆ, ಕುಡಿಯುವ ನೀರಿನ ಹೋಸ್ ಬೇರೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಗ್ಲೌಸ್ ಬಿಚ್ಚದೆ ನಲ್ಲಿ ಮುಟ್ಟಬೇಡಿ.

ಶುಕ್ರವಾರದ ರಾತ್ರಿ ಕೈಬಿಟ್ಟು ಹೋಗಿತ್ತು. ಶನಿವಾರ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದ ಅಂಚಿಗೆ ತಲುಪಿದೆವು. ಅಮ್ಮ ಕೈ ಮುಗಿದಳು. ಮಗಳು ಕಲ್ಲು ಎಸೆಯಲು ಹೋಗಿ ಬೈಸಿಕೊಂಡಳು. ಅಪ್ಪ ಬಹಳ ಹೊತ್ತು ಕಣಿವೆಯನ್ನೇ ನೋಡಿ ಕೇಳಿದ, "ಇಷ್ಟು ಎತ್ತರಕ್ಕೆ, ಇಷ್ಟು ಜನಕ್ಕೆ ನೀರು ಎಲ್ಲಿಂದ ಬರ್ತದ್ಲಾ?"

ಅದನ್ನು ನಾನು ಎಂದೂ ಯೋಚಿಸಿರಲಿಲ್ಲ. ಹುಡುಕಿ ಓದಿ ಹೇಳಿದೆ. ಕಣಿವೆಯ ಆಚೆ, ಉತ್ತರದ ಅಂಚಿನ ಕೆಳಗೆ ರೋರಿಂಗ್ ಸ್ಪ್ರಿಂಗ್ಸ್ ಅನ್ನುವ ಊಟೆ ಇದೆ. ಅಲ್ಲಿಂದ 1960ರ ದಶಕದಲ್ಲಿ ಹಾಕಿದ ಸುಮಾರು 20 ಕಿಲೋಮೀಟರ್ ಪೈಪ್ ಕಣಿವೆಗೆ ಇಳಿದು, ಕೊಲರಾಡೋ ನದಿ ದಾಟಿ ಈ ಕಡೆಗೆ ನೀರು ತರುತ್ತದೆ. ಅದು ಆಗಾಗ ಒಡೆಯುತ್ತದೆ, ಜನ ಇಳಿದು ರಿಪೇರಿ ಮಾಡುತ್ತಲೇ ಇರುತ್ತಾರೆ. ಅಪ್ಪ ತಲೆ ಆಡಿಸುತ್ತಾ ಆಳಕ್ಕೆ ನೋಡಿದ. "ಪಾಪ, ಅಲ್ಲಿಗೆ ಹೆಂಗೆ ಹೋಗ್ತಾನೋ ವಾಲ್ವ್ ತಿರುಗಿಸೋನು" ಅಂದ. ಎಲ್ಲರೂ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದರು.

ಭಾನುವಾರ ಹೊರಡುವ ಮುಂಚೆ ಕ್ಯಾಂಪ್‌ಗ್ರೌಂಡಿನ ಡಂಪ್ ಸ್ಟೇಷನ್ನಿನಲ್ಲಿ ಸಾಲು ನಿಂತೆವು. ನೀರು ಹಾಕಿ ಟ್ಯಾಂಕ್ ಮುಕ್ಕಾಲು ತುಂಬಿಸಿದ್ದೆ. ಪೈಪ್ ಜೋಡಿಸಿದೆ. ಹಿಡಿಯ ಹತ್ತಿರ ಅಪ್ಪ ಬಗ್ಗಿ, ಒಮ್ಮೆ ಕೈಯಿಂದ ಒತ್ತಿ ನೋಡಿ, ನನಗೆ ಸನ್ನೆ ಮಾಡಿದ. ಪೂರ್ತಿ ಎಳೆದೆ. ದಡದಡ ಹರಿದು ಎರಡು ನಿಮಿಷಕ್ಕೆ ಮುಗಿಯಿತು. ಮುಚ್ಚಿದೆ, ಗ್ರೇ ತೆಗೆದೆ, ಮುಚ್ಚಿದೆ. ಪೈಪ್ ಕಳಚಿದಾಗ ಒಂದು ಹನಿ ಇಲ್ಲ.

ಹಿಂದಿನ ಗಾಡಿಯ ಬಿಳಿ ಗಡ್ಡದ ಮನುಷ್ಯ ಇಳಿದು ಬಂದು ನೋಡುತ್ತಿದ್ದ. ಅವನ ವಾಲ್ವೂ ಬಿಗಿಯಂತೆ. ಅಪ್ಪ ನನ್ನ ಕೈಯಿಂದ ಸಿಲಿಕೋನ್ ಸ್ಪ್ರೇ ಇಸಿದುಕೊಂಡು ಹೋಗಿ, ಅವನ ಗಾಡಿಯ ಹಿಡಿಯ ಸರಳಿಗೆ ಹೊಡೆದು, ಎಳೆದು ತಳ್ಳಿ ಎಳೆದು ತಳ್ಳಿ ಸರಿಮಾಡಿ ಬಂದ. ಭಾಷೆಯೇ ಬೇಕಾಗಲಿಲ್ಲ. ಆ ಮನುಷ್ಯ ನನ್ನನ್ನು ಕೇಳಿದ, ನಿಮ್ಮ ತಂದೆ ಪ್ಲಂಬರಾ?

"ಅಲ್ಲ" ಅಂದೆ. "ನಮ್ಮ ಇಡೀ ಊರಿಗೆ ನೀರು ಬಿಡುತ್ತಿದ್ದವರು ಅವರೇ. ಮೂವತ್ತು ವರ್ಷ."

"ಏನಂತೆ?" ಅಂತ ಅಪ್ಪ ಕೇಳಿದ. ಕನ್ನಡದಲ್ಲಿ ಹೇಳಿದೆ.

ಅಪ್ಪ ಗ್ಲೌಸ್ ಬಿಚ್ಚುತ್ತಾ ಒಂದು ಕ್ಷಣ ನಿಂತ. "ಮೂವತ್ತಲ್ಲ ಕಣ್ಲಾ" ಅಂದ. "ಮೂವತ್ತೆರಡು. ಸರಿಯಾಗಿ ಹೇಳು ಅವನಿಗೆ."

ಹೇಳಿದೆ.